ಇಮ್ಯುನೊಥೆರಪಿ ಮತ್ತು ಥೈರಾಯ್ಡ್: ಆಟೊಇಮ್ಯೂನ್ ಕಾಯಿಲೆ ಇದ್ದವರ ಲೆಕ್ಕಾಚಾರ

ಶ್ವಾಸಕೋಶದ ಕ್ಯಾನ್ಸರಿಗೆ ಪೆಂಬ್ರೋಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧವನ್ನು, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧವನ್ನು ಪಡೆಯುತ್ತಿರುವ, ಅರವತ್ತರ ಆಸುಪಾಸಿನ ಮಹಿಳೆಯೊಬ್ಬರ ರಕ್ತಪರೀಕ್ಷೆಯ ಮೂರು ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ಈಕೆ ಉದಾಹರಣೆಗೆಂದು ನಾನು ಕಟ್ಟಿಕೊಂಡ ರೋಗಿ. ಆದರೆ ಆ ಹಾಳೆಗಳಲ್ಲಿ ಅಂಕಿಗಳು ಏರಿಳಿಯುವ ರೀತಿ ಇಮ್ಯುನೊಥೆರಪಿ ಕೊಡುವ ವೈದ್ಯರಿಗೆಲ್ಲ ಚಿರಪರಿಚಿತ. ಚಿಕಿತ್ಸೆಗೆ ಮುನ್ನ ಟಿಎಸ್‌ಎಚ್ 3.8, ಅಂದರೆ ಸಹಜ. ಇದು ಥೈರಾಯ್ಡನ್ನು ದುಡಿಸಲು ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನ್; ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೆ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಆರನೇ ವಾರದಲ್ಲಿ ಅದು 0.02ಕ್ಕೆ ಕುಸಿದಿದೆ, ಥೈರಾಯ್ಡ್ ಹಾರ್ಮೋನಾದ ಫ್ರೀ ಟಿ4 ಸಹಜ ಮಿತಿಯ ಎರಡು ಪಟ್ಟಾಗಿದೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ಹನ್ನೆರಡನೇ ವಾರದಲ್ಲಿ ಟಿಎಸ್‌ಎಚ್ 58. ಈಗ ಮಾತು ನಿಧಾನವಾಗಿದೆ, ಮುಖ ಊದಿಕೊಂಡಿದೆ, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲಾಗದಷ್ಟು ಸುಸ್ತು. ಆರೇ ವಾರಗಳ ಅಂತರದಲ್ಲಿ ಒಂದೇ ಗ್ರಂಥಿ ಎರಡು ತದ್ವಿರುದ್ಧ ಕಾಯಿಲೆಗಳ ಚಹರೆ ತೋರಿಸಿದೆ. ಎರಡನೇ ಹಾಳೆಯನ್ನಷ್ಟೇ ಕಂಡ ವೈದ್ಯರು ಒಂದು ಮಾತ್ರೆ ಬರೆದಾರು, ಮೂರನೆಯದನ್ನಷ್ಟೇ ಕಂಡವರು ಮತ್ತೊಂದನ್ನು. ಮೂರನ್ನೂ ಜೋಡಿಸಿ ಓದಿದವರಿಗೆ ಮಾತ್ರ ನಡೆದದ್ದೇನೆಂದು ಗೊತ್ತಾಗುತ್ತದೆ.

ಇದೇ ಮಹಿಳೆಗೆ ಹತ್ತು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವೋ ಸೋರಿಯಾಸಿಸ್ಸೋ, ಅಂಥದ್ದೊಂದು ಆಟೊಇಮ್ಯೂನ್ ಕಾಯಿಲೆ ಇದೆ ಎಂದುಕೊಂಡರೆ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ತನ್ನ ದೇಹದ ಮೇಲೆಯೇ ತಿರುಗಿಬಿದ್ದಿರುವ ರೋಗನಿರೋಧಕ ವ್ಯವಸ್ಥೆಯನ್ನು ಕ್ಯಾನ್ಸರ್ ಸಲುವಾಗಿ ಮತ್ತಷ್ಟು ಕೆರಳಿಸುವುದು ಸರಿಯೇ? ಕೆರಳಿಸಿದರೆ ಥೈರಾಯ್ಡಿನ ಗತಿಯೇನು? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಥೈರಾಯ್ಡ್ ತೊಂದರೆಯ ಭಯದಿಂದ ಈ ಚಿಕಿತ್ಸೆಯನ್ನು ನಿರಾಕರಿಸುವುದು ತಪ್ಪು, 'ಥೈರಾಯ್ಡ್ ತಾನೇ' ಎಂದು ಅಸಡ್ಡೆ ಮಾಡುವುದೂ ಅಷ್ಟೇ ತಪ್ಪು. ಈ ಅಡ್ಡಪರಿಣಾಮದಲ್ಲಿ ಅಪಾಯ ತರುವುದು ಬಹುಪಾಲು ಗ್ರಂಥಿಯ ಹಾನಿಗಿಂತ ವರದಿಯನ್ನು ತಪ್ಪಾಗಿ ಓದುವುದೇ.

ರೋಗನಿರೋಧಕ ವ್ಯವಸ್ಥೆಯ ಕಾಳಗದ ಪಡೆಯಾದ ಟಿ-ಕೋಶಗಳಿಗೆ ಬ್ರೇಕುಗಳಿವೆ. ಅವುಗಳಲ್ಲಿ ಹೆಚ್ಚು ಪರಿಚಿತವಾದವು ಸಿಟಿಎಲ್‌ಎ-4 ಮತ್ತು ಪಿಡಿ-1. ಕ್ಯಾನ್ಸರ್ ಗೆಡ್ಡೆ ಈ ಬ್ರೇಕನ್ನು ತಾನೇ ತುಳಿದು ಟಿ-ಕೋಶಗಳನ್ನು ಸುಮ್ಮನಾಗಿಸುತ್ತದೆ. ಆ ಬ್ರೇಕನ್ನು ಸಡಿಲಿಸುವ ಪ್ರತಿಕಾಯಗಳೇ ಇಂದಿನ ಚೆಕ್‌ಪಾಯಿಂಟ್ ಔಷಧಗಳು. ಈ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ವೈದ್ಯಕೀಯ ನೊಬೆಲ್ ಸಂದಿತು. ಸಿಟಿಎಲ್‌ಎ-4 ಅನ್ನು ತಡೆಯುವ ಇಪಿಲಿಮುಮ್ಯಾಬ್ 2011ರಲ್ಲಿಯೂ, ಪಿಡಿ-1 ಅನ್ನು ತಡೆಯುವ ಪೆಂಬ್ರೋಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ 2014ರಲ್ಲಿಯೂ ಅಮೆರಿಕದಲ್ಲಿ ಮಾನ್ಯತೆ ಪಡೆದವು. ಬ್ರೇಕು ತೆಗೆದರೆ ಏನಾಗುತ್ತದೆಂಬುದಕ್ಕೆ ಇಲಿಗಳು ಬಹಳ ಮುಂಚೆಯೇ ಸಾಕ್ಷಿ ಹೇಳಿದ್ದವು. ಸಿಟಿಎಲ್‌ಎ-4 ಇಲ್ಲದೆ ಹುಟ್ಟಿದ ಇಲಿಮರಿಗಳು ಮೂರು ನಾಲ್ಕು ವಾರಗಳಲ್ಲೇ ಸತ್ತವು, ಅವುಗಳ ಅಂಗಾಂಗಗಳ ತುಂಬ ಟಿ-ಕೋಶಗಳು ಮುತ್ತಿದ್ದವು. ಪಿಡಿ-1 ಇಲ್ಲದ ಇಲಿಗಳು ಬದುಕಿದವು. ಅವುಗಳಲ್ಲಿ ಆಟೊಇಮ್ಯೂನ್ ಲಕ್ಷಣಗಳು ತಡವಾಗಿ, ಕೆಲವೇ ಅಂಗಗಳಲ್ಲಿ ಕಾಣಿಸಿಕೊಂಡವು. ಇಪಿಲಿಮುಮ್ಯಾಬ್ ಏಕೆ ಹೆಚ್ಚು ಉಗ್ರ, ಪಿಡಿ-1 ಔಷಧಗಳು ಏಕೆ ತುಸು ಸೌಮ್ಯ ಎಂಬುದರ ಮುನ್ಸೂಚನೆ ಅಲ್ಲೇ ಇತ್ತು. ಸಿಟಿಎಲ್‌ಎ-4 ವಂಶವಾಹಿಯ ಕೆಲವು ರೂಪಗಳಿಗೂ ಥೈರಾಯ್ಡನ್ನು ಅತಿಯಾಗಿ ದುಡಿಸುವ ಗ್ರೇವ್ಸ್, ಅದನ್ನು ಮೆಲ್ಲಗೆ ಬತ್ತಿಸುವ ಹಶಿಮೊಟೊ ಎಂಬ ಆಟೊಇಮ್ಯೂನ್ ಕಾಯಿಲೆಗಳಿಗೂ ನಂಟಿದೆ ಎಂಬುದು 1990ರ ದಶಕದಿಂದಲೇ ತಿಳಿದ ಸಂಗತಿ. ಅಂದರೆ ಮನೆಮಂದಿಗೆಲ್ಲ ಥೈರಾಯ್ಡ್ ಮಾತ್ರೆ ನುಂಗುವ ಅಭ್ಯಾಸವಿರುವ ಕುಟುಂಬಗಳಲ್ಲಿ ಕೆಲವಾದರೂ ಇದೇ ಬ್ರೇಕನ್ನು ಹುಟ್ಟಿನಿಂದಲೇ ಸ್ವಲ್ಪ ಸಡಿಲವಾಗಿ ಪಡೆದುಕೊಂಡು ಬಂದಿರಬಹುದು.

ಇನ್ನು ಗ್ರಂಥಿಯೊಳಗೆ ಆಗುವುದೇನು? ಥೈರಾಯ್ಡ್ ಹಾರ್ಮೋನನ್ನು ತಯಾರಿಸುವುದಷ್ಟೇ ಅಲ್ಲದೆ ವಾರಗಟ್ಟಲೆಗೆ ಸಾಲುವಷ್ಟನ್ನು ಒಳಗೇ ಕೂಡಿಟ್ಟುಕೊಳ್ಳುತ್ತದೆ. ಅದೊಂದು ಗಾಣವೂ ಹೌದು, ಕಣಜವೂ ಹೌದು. ಬ್ರೇಕು ತಪ್ಪಿದ ಟಿ-ಕೋಶಗಳು ಗ್ರಂಥಿಯ ಕೋಶಗಳನ್ನು ಹಾಳುಗೆಡವಿದಾಗ ಕಣಜ ಒಡೆದು ಕಾಳು ಚೆಲ್ಲುತ್ತದೆ, ರಕ್ತದಲ್ಲಿ ಹಾರ್ಮೋನ್ ಒಮ್ಮೆಗೇ ಏರುತ್ತದೆ. ಚೆಲ್ಲಿದ್ದು ಮುಗಿದ ಮೇಲೆ ಹೊಸದನ್ನು ತಯಾರಿಸಲು ಗಾಣವೂ ಉಳಿದಿರುವುದಿಲ್ಲ, ಆಗ ಕೊರತೆ. ಗ್ರೇವ್ಸ್ ಕಾಯಿಲೆಯಲ್ಲಿ ನಡೆಯುವುದು ಬೇರೆ: ಅಲ್ಲಿ ಗಾಣ ಹಗಲಿರುಳು ತಿರುಗುತ್ತಿರುತ್ತದೆ. ನಮ್ಮಲ್ಲಿ ನಿಯೋಮರ್ಕಜೋಲ್ ಎಂದೇ ಹೆಸರಾದ ಕಾರ್ಬಿಮಜೋಲ್ ಗಾಣವನ್ನು ನಿಲ್ಲಿಸುವ ಮಾತ್ರೆ. ಒಡೆದ ಕಣಜಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ. ಇಮ್ಯುನೊಥೆರಪಿಯಿಂದ ಗ್ರೇವ್ಸ್ ಬರುವುದೇ ಇಲ್ಲವೆಂದಲ್ಲ, ಆದರೆ ಅಪರೂಪ. ಆದ್ದರಿಂದ ಮೊದಲ ಹಂತದಲ್ಲಿ ಬೇಕಾಗುವುದು ಸಾಮಾನ್ಯವಾಗಿ ಎದೆಬಡಿತ, ನಡುಕಗಳನ್ನು ಹಿಡಿತಕ್ಕೆ ತರುವ ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಮತ್ತು ಕೆಲವು ವಾರಗಳ ತಾಳ್ಮೆ. ಅನುಮಾನ ಉಳಿದರೆ ಗ್ರೇವ್ಸ್‌ಗೆ ವಿಶಿಷ್ಟವಾದ ಪ್ರತಿಕಾಯದ ರಕ್ತಪರೀಕ್ಷೆ ಮಾಡಿಸಬಹುದು. ಗ್ರಂಥಿ ಎಷ್ಟು ಅಯೋಡಿನ್ ಹೀರುತ್ತದೆಂದು ಅಳೆಯುವ ಸ್ಕ್ಯಾನ್ ಕೂಡ ಇದೆ. ಆದರೆ ಕ್ಯಾನ್ಸರ್ ರೋಗಿಗಳಿಗೆ ಪದೇಪದೇ ಮಾಡುವ ಸಿಟಿ ಸ್ಕ್ಯಾನಿನ ಕಾಂಟ್ರಾಸ್ಟ್ ದ್ರವದಲ್ಲೇ ಅಯೋಡಿನ್ ತುಂಬಿರುವುದರಿಂದ ಅದು ಅನೇಕ ಬಾರಿ ದಾರಿ ತಪ್ಪಿಸುತ್ತದೆ.

ಎಷ್ಟು ಜನರಿಗೆ ಹೀಗಾಗುತ್ತದೆ? 38 ಪ್ರಯೋಗಗಳ 7,551 ರೋಗಿಗಳನ್ನು ಒಟ್ಟುಗೂಡಿಸಿದ, 2018ರಲ್ಲಿ ಅಚ್ಚಾದ ವಿಶ್ಲೇಷಣೆಯ ಪ್ರಕಾರ ಥೈರಾಯ್ಡ್ ಕೊರತೆ ಕಂಡದ್ದು ಒಟ್ಟಾರೆ 6.6 ಶೇಕಡಾ ಜನರಲ್ಲಿ. ಇಪಿಲಿಮುಮ್ಯಾಬ್ ಒಂದನ್ನೇ ಪಡೆದವರಲ್ಲಿ ಇದು 3.8 ಶೇಕಡಾ, ಎರಡೂ ಬಗೆಯ ಬ್ರೇಕುಗಳನ್ನು ಒಟ್ಟಿಗೆ ಸಡಿಲಿಸಿದಾಗ 13.2 ಶೇಕಡಾ. ಹೆಚ್ಚಿನವರಲ್ಲಿ ಈ ಕೊರತೆ ಶಾಶ್ವತ. ಕರುಳಿನ ಉರಿಯೂತವೋ ಶ್ವಾಸಕೋಶದ ಉರಿಯೂತವೋ ಬಂದರೆ ಭಾರೀ ಪ್ರಮಾಣದ ಸ್ಟೀರಾಯ್ಡ್ ಕೊಟ್ಟು ಬೆಂಕಿ ಆರಿಸುತ್ತಾರೆ. ಥೈರಾಯ್ಡಿನಲ್ಲಿ ಸ್ಟೀರಾಯ್ಡಿನಿಂದ ಗ್ರಂಥಿ ಉಳಿಯುವುದಿಲ್ಲ, ಉಳಿಸಲೇಬೇಕೆಂಬ ಹಟವೂ ಬೇಕಿಲ್ಲ. ಲಿವೊಥೈರಾಕ್ಸಿನ್ ಎಂಬ ಅಗ್ಗದ, ಹಳೆಯ ಮಾತ್ರೆ ಅದರ ಕೆಲಸವನ್ನು ಪೂರ್ತಿ ನಿಭಾಯಿಸುತ್ತದೆ, ಇಮ್ಯುನೊಥೆರಪಿಯೂ ನಿಲ್ಲದೆ ಮುಂದುವರಿಯುತ್ತದೆ. ಈ ಔಷಧಗಳ ಅಡ್ಡಪರಿಣಾಮಗಳ ಉದ್ದನೆಯ ಪಟ್ಟಿಯಲ್ಲಿ ಇಷ್ಟು ಸಲೀಸಾಗಿ ಸಂಭಾಳಿಸಬಹುದಾದದ್ದು ಇನ್ನೊಂದಿಲ್ಲ ಎಂದರೂ ನಡೆದೀತು.

ಆಟೊಇಮ್ಯೂನ್ ಕಾಯಿಲೆ ಇದ್ದವರ ವಿಷಯಕ್ಕೆ ಬಂದರೆ ಮೊದಲು ಎದುರಾಗುವುದು ಮಾಹಿತಿಯ ಬರ. ಈ ಔಷಧಗಳಿಗೆ ಮಾನ್ಯತೆ ತಂದುಕೊಟ್ಟ ಪ್ರಯೋಗಗಳು ಸಕ್ರಿಯ ಆಟೊಇಮ್ಯೂನ್ ಕಾಯಿಲೆ ಇದ್ದವರನ್ನು ಬಾಗಿಲಲ್ಲೇ ತಡೆದವು. ಎಚ್ಚರಿಕೆ ಅರ್ಥವಾಗುವಂಥದ್ದೇ, ಆದರೆ ಹೊರಗುಳಿದವರು ಬೆರಳೆಣಿಕೆಯ ಮಂದಿಯೇನಲ್ಲ: ಅಮೆರಿಕದ ಹಿರಿಯ ನಾಗರಿಕರ ವಿಮಾ ದಾಖಲೆಗಳನ್ನು ಆಧರಿಸಿ 2016ರಲ್ಲಿ ಬಂದ ಅಧ್ಯಯನವೊಂದು ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು 14ರಿಂದ 25 ಶೇಕಡಾ ಜನರಿಗೆ ಯಾವುದಾದರೊಂದು ಆಟೊಇಮ್ಯೂನ್ ಕಾಯಿಲೆ ಇತ್ತೆಂದು ಲೆಕ್ಕ ಹಾಕಿತು. ಸ್ವಾರಸ್ಯವೆಂದರೆ ಆ ಬಾಗಿಲಿನಲ್ಲೊಂದು ಕಿಂಡಿಯೂ ಇತ್ತು. ತೊನ್ನು, ಟೈಪ್ 1 ಮಧುಮೇಹ ಮತ್ತು ಮಾತ್ರೆಯಿಂದ ಸ್ಥಿರವಾಗಿರುವ ಥೈರಾಯ್ಡ್ ಕೊರತೆ ಇದ್ದವರನ್ನು ಹಲವು ಪ್ರಯೋಗಗಳು ಒಳಗೆ ಬಿಟ್ಟುಕೊಂಡವು. ಹಾಗಾಗಿ ಹಶಿಮೊಟೊ ರೋಗಿಗಳ ಬಗ್ಗೆ ಇರುವಷ್ಟು ಧೈರ್ಯ, ಹಲವು ಅಂಗಗಳನ್ನು ಒಟ್ಟಿಗೆ ಕಾಡುವ ಲೂಪಸ್‌ನಂಥ ಆಟೊಇಮ್ಯೂನ್ ಕಾಯಿಲೆಯ ರೋಗಿಗಳ ಬಗ್ಗೆ ವೈದ್ಯರಿಗೆ ಬರುವುದಿಲ್ಲ.

ಉಳಿದವರ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಹಳೆಯ ಕಡತಗಳನ್ನು ತಿರುವಿ ಹಾಕಿ ಪಡೆದದ್ದು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ಇಪಿಲಿಮುಮ್ಯಾಬ್ ಪಡೆದ 30 ಆಟೊಇಮ್ಯೂನ್ ರೋಗಿಗಳ 2016ರ ವರದಿಯಲ್ಲಿ 27 ಶೇಕಡಾ ಜನರ ಹಳೆಯ ಕಾಯಿಲೆ ಉಲ್ಬಣಿಸಿತು, 33 ಶೇಕಡಾ ಜನರಿಗೆ ಹೊಸ ಗಂಭೀರ ಅಡ್ಡಪರಿಣಾಮಗಳು ಬಂದವು, ಅರ್ಧದಷ್ಟು ಜನರಿಗೆ ಎರಡೂ ಆಗಲಿಲ್ಲ. ಪಿಡಿ-1 ಔಷಧ ಪಡೆದ 52 ಮಂದಿಯ 2017ರ ಅಧ್ಯಯನದಲ್ಲಿ ಉಲ್ಬಣಿಸಿದ್ದು 38 ಶೇಕಡಾ. ಸಂಧಿವಾತದಂಥ ಕಾಯಿಲೆಗಳಲ್ಲಿ ಈ ಪ್ರಮಾಣ ಅರ್ಧಕ್ಕೂ ತುಸು ಹೆಚ್ಚು. ಆದರೂ ಉಲ್ಬಣದ ಕಾರಣಕ್ಕೆ ಔಷಧ ನಿಲ್ಲಿಸಬೇಕಾದವರು ಇಬ್ಬರೇ. 2018ರಲ್ಲಿ ಪ್ರಕಟಿತ ಪ್ರಕರಣಗಳನ್ನೆಲ್ಲ ಕಲೆಹಾಕಿದ ಮತ್ತೊಂದು ಪರಿಶೀಲನೆ 123 ರೋಗಿಗಳಲ್ಲಿ 75 ಶೇಕಡಾ ಜನರಿಗೆ ಉಲ್ಬಣವೋ ಹೊಸ ಅಡ್ಡಪರಿಣಾಮವೋ ಎರಡೂ ಸೇರಿಯೋ ಆಯಿತೆಂದಿತು. ಈ 75 ಶೇಕಡಾ ಅಂಕಿಯನ್ನು ನಾನು ಸ್ವಲ್ಪ ಹಿಡಿದೇ ಓದುತ್ತೇನೆ: ಏನೂ ಆಗದ ರೋಗಿಯ ಬಗ್ಗೆ ಲೇಖನ ಬರೆಯುವ ವೈದ್ಯರು ಕಡಿಮೆ, ಏನಾದರೂ ಆದಾಗಲೇ ಪ್ರಕರಣ ಪತ್ರಿಕೆಗೆ ಹೋಗುತ್ತದೆ. ಸಣ್ಣ ಗುಂಪುಗಳಾದರೂ ಇಡೀ ಆಸ್ಪತ್ರೆಯ ರೋಗಿಗಳನ್ನು ಎಣಿಸಿದ ಅಧ್ಯಯನಗಳೇ ಇಲ್ಲಿ ಹೆಚ್ಚು ನಂಬಲರ್ಹ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. 'ಆಟೊಇಮ್ಯೂನ್' ಎಂಬ ಒಂದೇ ಚೀಲದಲ್ಲಿ ತುಂಬಿರುವ ಕಾಯಿಲೆಗಳು ಒಂದಕ್ಕೊಂದು ಸಮವಲ್ಲ. ಸಂಧಿವಾತ ಉಲ್ಬಣಿಸಿದರೆ ಗಂಟುಗಳು ನೋಯುತ್ತವೆ, ಅದಕ್ಕೆ ಮದ್ದಿದೆ. ಸ್ನಾಯುಗಳನ್ನು ಸೋಲಿಸುವ ಮಯಸ್ತೇನಿಯಾ ಉಲ್ಬಣಿಸಿದರೆ ಉಸಿರಾಟವೇ ನಿಲ್ಲಬಹುದು, ಜೊತೆಗೆ ಹೃದಯದ ಸ್ನಾಯುವಿನ ಉರಿಯೂತವೂ ಸೇರಿದರೆ ಪ್ರಾಣಕ್ಕೇ ಕುತ್ತು. ಹಶಿಮೊಟೊದ ಉಲ್ಬಣ ಎಂದರೆ ಬಹುತೇಕ ಮಾತ್ರೆಯ ಪ್ರಮಾಣ ಹೆಚ್ಚಿಸುವುದು. ರೋಗಿಯ ಕಡತದ ಮೇಲೆ 'ಆಟೊಇಮ್ಯೂನ್' ಎಂದು ಕೆಂಪಕ್ಷರದಲ್ಲಿ ಬರೆದು ಈ ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಎಚ್ಚರಿಕೆಯಂತೆ ಕಂಡರೂ ಅದು ಯೋಚನೆಯ ಸೋಮಾರಿತನ.

ಹಾಗಾದರೆ ಥೈರಾಯ್ಡಿಗೆ ನಿಜಕ್ಕೂ ಹೊಡೆತ ಬೀಳುವುದು ಯಾರಿಗೆ? ಪೆಂಬ್ರೋಲಿಜುಮ್ಯಾಬ್ ಪಡೆದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ 2017ರ ಚಿಕ್ಕ ಅಧ್ಯಯನ ಇದಕ್ಕೆ ಸ್ಪಷ್ಟ ಸುಳಿವು ಕೊಟ್ಟಿತು. ಥೈರಾಯ್ಡ್ ತೊಂದರೆಗೆ ಒಳಗಾದ 10 ಮಂದಿಯಲ್ಲಿ 8 ಜನರ ರಕ್ತದಲ್ಲಿ ಥೈರಾಯ್ಡ್ ವಿರೋಧಿ ಪ್ರತಿಕಾಯಗಳಿದ್ದವು. ತೊಂದರೆ ಬಾರದ 38 ಮಂದಿಯಲ್ಲಿ ಅವು ಇದ್ದದ್ದು ಕೇವಲ 3 ಜನರಲ್ಲಿ. ಅಂದರೆ ಕೆಂಡ ಮೊದಲೇ ಬೂದಿಯಡಿ ಇರುವ ಗ್ರಂಥಿಯೇ ಹೊತ್ತಿಕೊಳ್ಳುತ್ತದೆ. ಇಲ್ಲಿ ಮೇಲ್ನೋಟಕ್ಕೆ ವಿಚಿತ್ರವೆನಿಸುವ ಒಂದು ತಿರುವಿದೆ. ಹಶಿಮೊಟೊದಿಂದ ಗ್ರಂಥಿ ಪೂರ್ತಿ ಬತ್ತಿಹೋಗಿ ಹತ್ತಾರು ವರ್ಷಗಳಿಂದ ಪೂರ್ಣ ಪ್ರಮಾಣದ ಮಾತ್ರೆ ನುಂಗುತ್ತಿರುವವರಿಗೆ ಹೆದರುವಂಥದ್ದು ಅಷ್ಟಿಲ್ಲ: ಕಣಜ ಆಗಲೇ ಬರಿದಾಗಿದೆ, ಚೆಲ್ಲಲು ಕಾಳೇ ಇಲ್ಲ. ಕಣ್ಣಿಡಬೇಕಾದದ್ದು ನಡುವಿನವರ ಮೇಲೆ, ಅಂದರೆ ಪ್ರತಿಕಾಯ ಇದ್ದೂ ಗ್ರಂಥಿ ಇನ್ನೂ ದುಡಿಯುತ್ತಿರುವವರು ಮತ್ತು 25 ಅಥವಾ 50 ಮೈಕ್ರೋಗ್ರಾಮಿನ ಚಿಕ್ಕ ಮಾತ್ರೆಯಲ್ಲಿ ಅರ್ಧ ಕೆಲಸ ಗ್ರಂಥಿಯಿಂದಲೇ ಮಾಡಿಸಿಕೊಳ್ಳುತ್ತಿರುವವರು. 'ನನಗೆ ಮೊದಲೇ ಥೈರಾಯ್ಡ್ ಇದೆ, ಮಾತ್ರೆ ತಗೊಳ್ತಾ ಇದ್ದೀನಿ' ಎಂದು ರೋಗಿ ಹೇಳಿದ ಕೂಡಲೇ ಆ ವಿಷಯ ಮುಗಿಯಿತೆಂದುಕೊಳ್ಳುವಂತಿಲ್ಲ. ಉಳಿದರ್ಧ ಗ್ರಂಥಿಯೂ ಹೋದರೆ ಅದೇ 50 ಮೈಕ್ರೋಗ್ರಾಮಿನ ಮಾತ್ರೆ ಎಲ್ಲಿಗೂ ಸಾಲುವುದಿಲ್ಲ.

ನಮ್ಮ ದೇಶಕ್ಕೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಬೆಂಗಳೂರೂ ಸೇರಿದಂತೆ ಎಂಟು ನಗರಗಳ 5,376 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 11 ಶೇಕಡಾ ಜನರಿಗೆ ಥೈರಾಯ್ಡ್ ಕೊರತೆ ಇತ್ತು. ಅವರಲ್ಲಿ ಮೂರನೇ ಒಂದು ಭಾಗದವರಿಗೆ ಪರೀಕ್ಷೆ ಮಾಡುವವರೆಗೆ ಅದು ಗೊತ್ತೇ ಇರಲಿಲ್ಲ. ಒಟ್ಟು ಜನರಲ್ಲಿ ಸುಮಾರು 22 ಶೇಕಡಾ ಮಂದಿಯ ರಕ್ತದಲ್ಲಿ ಟಿಪಿಒ ಎಂಬ ಥೈರಾಯ್ಡ್ ವಿರೋಧಿ ಪ್ರತಿಕಾಯವಿತ್ತು. ಐವರಲ್ಲಿ ಒಬ್ಬರ ಗ್ರಂಥಿಯಲ್ಲಿ ಬೂದಿ ಮುಚ್ಚಿದ ಕೆಂಡವಿರುವ ಸಮಾಜವಿದು. ಇದರ ಮೇಲೆ, ನಮ್ಮಲ್ಲಿ ಹೊಗೆಸೊಪ್ಪು, ಅಡಿಕೆ, ಗುಟ್ಕಾಗಳ ದೆಸೆಯಿಂದ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಹೆಚ್ಚು; ಆ ರೋಗಿಗಳಲ್ಲಿ ಬಹಳಷ್ಟು ಮಂದಿ ಇಮ್ಯುನೊಥೆರಪಿಗೆ ಬರುವ ಹೊತ್ತಿಗೆ ಕುತ್ತಿಗೆಗೆ ವಿಕಿರಣ ಹಾಯಿಸಿಕೊಂಡಿರುತ್ತಾರೆ. ವಿಕಿರಣವೊಂದೇ ಥೈರಾಯ್ಡನ್ನು ವರ್ಷಗಳಲ್ಲಿ ಬತ್ತಿಸಬಲ್ಲದು. ಹಾಗಾಗಿ ಟಿಎಸ್‌ಎಚ್ ಏರಿದಾಗ ಅದು ಹಳೆಯ ವಿಕಿರಣದ ಬಾಕಿಯೋ ಹೊಸ ಔಷಧದ ಕಿತಾಪತಿಯೋ ಎಂದು ಹೇಳಲು ಚಿಕಿತ್ಸೆಗೆ ಮುನ್ನ ಮಾಡಿಸಿದ ಒಂದು ಪರೀಕ್ಷೆ ಕೈಯಲ್ಲಿರಲೇಬೇಕು.

ಇತ್ತೀಚಿನವರೆಗೆ ಇದೆಲ್ಲ ಹಣವಂತರ ಚಿಂತೆ ಎನ್ನಬಹುದಿತ್ತು, ಏಕೆಂದರೆ ಔಷಧದ ಬೆಲೆಯೇ ಉಳಿದವರನ್ನು ದೂರ ಇಟ್ಟಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ-ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳ ಮೇಲೆ ನಡೆಸಿದ ಪ್ರಯೋಗ ಈ ಚಿತ್ರವನ್ನು ಕದಲಿಸಿತು. ರೂಢಿಯಲ್ಲಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುವ ನಿವೊಲುಮ್ಯಾಬನ್ನು ಅವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂನಂತೆ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟರು. ಒಂದು ವರ್ಷದ ಬಳಿಕ ಬದುಕುಳಿದವರು ಮಾತ್ರೆಗಳನ್ನಷ್ಟೇ ಪಡೆದವರಲ್ಲಿ 16.3 ಶೇಕಡಾ, ನಿವೊಲುಮ್ಯಾಬನ್ನೂ ಪಡೆದವರಲ್ಲಿ 43.4 ಶೇಕಡಾ. ಕಡಿಮೆ ಪ್ರಮಾಣದ ಈ ದಾರಿ ಹಬ್ಬಿದಂತೆ, ದೊಡ್ಡ ನಗರದ ಎಂಡೋಕ್ರೈನಾಲಜಿಸ್ಟರ, ಅಂದರೆ ಹಾರ್ಮೋನ್ ತಜ್ಞರ ಬಾಗಿಲು ಬಡಿಯಲಾಗದ ರೋಗಿಗಳಿಗೂ ಇಮ್ಯುನೊಥೆರಪಿ ಸಿಗಲಿದೆ, ಅವರ ಥೈರಾಯ್ಡ್ ವರದಿಯನ್ನು ಮೊದಲು ಓದುವವರು ತಾಲ್ಲೂಕಿನ ವೈದ್ಯರೇ ಆಗಿರುತ್ತಾರೆ.

ಅವರ ಕೈಗೆ ಬರುವ ವರದಿಗಳಲ್ಲಿ ಒಂದು ಬಗೆಯದು ನಿಜಕ್ಕೂ ಮಾರಕ. ಟಿಎಸ್‌ಎಚ್ ಕಡಿಮೆ, ಫ್ರೀ ಟಿ4 ಕೂಡ ಕಡಿಮೆ. ಸಾಮಾನ್ಯವಾಗಿ ಟಿ4 ಇಳಿದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಏರಿಸಿ ಕೂಗು ಹಾಕಬೇಕು. ಕೂಗೇ ಇಲ್ಲವೆಂದರೆ ಪಿಟ್ಯುಟರಿಗೇ ಉರಿಯೂತ ತಗುಲಿರಬಹುದು. ಇಪಿಲಿಮುಮ್ಯಾಬ್ ಪಡೆದವರಲ್ಲಿ ಇದು ಹೆಚ್ಚು. ಪಿಟ್ಯುಟರಿ ಸೋತಾಗ ಥೈರಾಯ್ಡಿನ ಜೊತೆಗೆ ಅಡ್ರಿನಲ್ ಗ್ರಂಥಿಗೆ ಹೋಗುವ ಆಜ್ಞೆಯೂ ನಿಂತು, ರಕ್ತದೊತ್ತಡವನ್ನು ಕಾಯುವ ಕಾರ್ಟಿಸಾಲ್ ಎಂಬ ಹಾರ್ಮೋನ್ ದೇಹದಲ್ಲಿ ಬತ್ತುತ್ತದೆ. ಈ ಸ್ಥಿತಿಯಲ್ಲಿ ಬರೀ ಥೈರಾಕ್ಸಿನ್ ಕೊಟ್ಟರೆ ಇರುವ ಚೂರುಪಾರು ಕಾರ್ಟಿಸಾಲ್ ಕೂಡ ಬೇಗ ಖರ್ಚಾಗಿ, ರಕ್ತದೊತ್ತಡ ಕುಸಿದು, ರೋಗಿ ಆಘಾತಕ್ಕೆ ಜಾರಬಹುದು. ಆದ್ದರಿಂದ ಮೊದಲು ಬೆಳಗಿನ ಕಾರ್ಟಿಸಾಲ್ ಪರೀಕ್ಷೆ, ಕೊರತೆ ಕಂಡರೆ ಮೊದಲು ಕಾರ್ಟಿಸಾಲ್ ಕೊರತೆ ತುಂಬುವ ಹೈಡ್ರೊಕಾರ್ಟಿಸೋನ್, ಆನಂತರವೇ ಥೈರಾಕ್ಸಿನ್. ಇದರಲ್ಲೂ ಒಂದು ಬಲೆಯಿದೆ. ಕಣಜ ಚೆಲ್ಲಿ ಮುಗಿದ ಮೇಲೆ ಟಿ4 ಇಳಿಯುತ್ತಿದ್ದರೂ ಅಷ್ಟು ದಿನ ಅದುಮಿಟ್ಟ ಟಿಎಸ್‌ಎಚ್ ಮೇಲೇಳಲು ಕೆಲವು ವಾರ ಬೇಕು. ಆ ನಡುವಿನ ದಿನಗಳ ವರದಿ ಪಿಟ್ಯುಟರಿ ಕಾಯಿಲೆಯನ್ನೇ ಹೋಲುತ್ತದೆ. ಹಿಂದಿನ ಹಾಳೆ ಕೈಯಲ್ಲಿದ್ದರೆ ಗೊಂದಲ ಬಹುಪಾಲು ಬಗೆಹರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಆಟೊಇಮ್ಯೂನ್ ರೋಗಿಗಳಲ್ಲಿ ಮತ್ತೊಂದು ತೊಡಕು: ಸಂಧಿವಾತಕ್ಕೆಂದು ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ನುಂಗಿದವರ ಅಡ್ರಿನಲ್ ಮೊದಲೇ ಮಂಕಾಗಿರುತ್ತದೆ, ಅವರ ಕಾರ್ಟಿಸಾಲ್ ಅಂಕಿಯನ್ನು ಆ ಮಾತ್ರೆಯ ಲೆಕ್ಕ ಇಟ್ಟುಕೊಂಡೇ ಓದಬೇಕು. ಕೂದಲು, ಉಗುರಿಗೆಂದು ತಾವಾಗಿಯೇ ಕೊಂಡು ತಿನ್ನುವ ಬಯೋಟಿನ್ ಮಾತ್ರೆಯ ಬಗ್ಗೆಯೂ ಕೇಳುವುದು ಒಳ್ಳೆಯದು. ಕೆಲವು ಪ್ರಯೋಗಾಲಯಗಳ ವಿಧಾನದಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಇಳಿಸಿ, ಟಿ4 ಅನ್ನು ಸುಳ್ಳೇ ಏರಿಸಿ ತೋರಿಸುತ್ತದೆ.

ಥೈರಾಯ್ಡ್ ಕೆಟ್ಟರೆ ಕ್ಯಾನ್ಸರ್ ಚೆನ್ನಾಗಿ ಕರಗುತ್ತದೆ ಎಂಬ ಮಾತು ಈಚೆಗೆ ರೋಗಿಗಳ ಬಾಯಲ್ಲೂ ಕೇಳಿಬರುತ್ತಿದೆ. ಮೇಲೆ ಹೇಳಿದ, ಪೆಂಬ್ರೋಲಿಜುಮ್ಯಾಬ್ ಪಡೆದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ 2017ರ ಅಧ್ಯಯನದಲ್ಲಿ ಥೈರಾಯ್ಡ್ ತೊಂದರೆ ಬಂದವರು ಹೆಚ್ಚು ಕಾಲ ಬದುಕಿದ್ದು ನಿಜ. ಟಿ-ಕೋಶಗಳು ಚುರುಕಾಗಿ ಎದ್ದಿವೆ ಎಂಬುದರ ಗುರುತು ಅದಾಗಿರಲೂಬಹುದು. ಆದರೆ ಎರಡೇ ತಿಂಗಳಲ್ಲಿ ತೀರಿಕೊಂಡ ರೋಗಿಗೆ ಮೂರನೇ ತಿಂಗಳ ಅಡ್ಡಪರಿಣಾಮ ಬರಲು ಅವಕಾಶವೇ ಇರಲಿಲ್ಲ. ಹೆಚ್ಚು ದಿನ ಬದುಕಿದವರಿಗೆ ಹೆಚ್ಚು ಡೋಸು, ಹೆಚ್ಚು ಪರೀಕ್ಷೆ, ಹೆಚ್ಚು ಅಡ್ಡಪರಿಣಾಮ. ಸಮಾಧಾನ ಹೇಳಲು ಈ ನಂಟು ಸಾಕು, ಚಿಕಿತ್ಸೆಯ ತೀರ್ಮಾನಕ್ಕೆ ಸಾಲದು.

ಆಚರಣೆಯಲ್ಲಿ ಬೇಕಾದದ್ದು ದುಬಾರಿಯದೇನಲ್ಲ. ಮೊದಲ ಡೋಸಿಗೆ ಮುನ್ನ ಟಿಎಸ್‌ಎಚ್, ಫ್ರೀ ಟಿ4. ಆಟೊಇಮ್ಯೂನ್ ಹಿನ್ನೆಲೆ ಇದ್ದವರಿಗೆ ಟಿಪಿಒ ಪ್ರತಿಕಾಯವನ್ನೂ ಸೇರಿಸುವುದು ಲೇಸು. ಆಮೇಲೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಅದೇ ಎರಡು ಪರೀಕ್ಷೆ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ. ಕೊರತೆ ಖಚಿತವಾದರೆ ತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ ಪೂರ್ಣ ಪ್ರಮಾಣ; ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ 25ರಿಂದ 50 ಮೈಕ್ರೋಗ್ರಾಮಿನಿಂದ ಆರಂಭಿಸಿ ಮೆಲ್ಲಗೆ ಏರಿಸುವುದು ರೂಢಿ. ಸುಸ್ತನ್ನು ಕ್ಯಾನ್ಸರಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. 'ಕಿಮೋ, ಕ್ಯಾನ್ಸರ್ ಅಂದಮೇಲೆ ಸುಸ್ತು ಇದ್ದದ್ದೇ' ಎಂದು ಮನೆಯವರೂ ನಂಬಿರುತ್ತಾರೆ, ರೋಗಿಯೂ ನಂಬಿರುತ್ತಾರೆ.

ಇನ್ನು ಅಡುಗೆಮನೆಯ ಲೆಕ್ಕ. ಲಿವೊಥೈರಾಕ್ಸಿನ್ ಬರಿ ಹೊಟ್ಟೆಯಲ್ಲಿ ನೀರಿನ ಜೊತೆ ಹೋಗಬೇಕು, ಬೆಳಗಿನ ಫಿಲ್ಟರ್ ಕಾಫಿ ಅದಾದ ಅರ್ಧ ಗಂಟೆಯಿಂದ ಒಂದು ಗಂಟೆಯ ನಂತರ. ಮಾತ್ರೆಯ ಬೆನ್ನಿಗೇ ಕಾಫಿ ಕುಡಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಸ್ಟೀರಾಯ್ಡಿನ ಜೊತೆ ಮೂಳೆಗೆಂದು ಕೊಡುವ ಕ್ಯಾಲ್ಸಿಯಂ, ರಕ್ತಹೀನತೆಗೆಂದು ಕೊಡುವ ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಬೇಕು. ಸಂಧಿವಾತವೂ ಕ್ಯಾನ್ಸರೂ ಇರುವವರ ಮಾತ್ರೆ ಡಬ್ಬಿಯಲ್ಲಿ ಈ ಮೂರೂ ಒಂದೇ ಖಾನೆಯಲ್ಲಿ ಸಿಗುವುದು ಅಪರೂಪವಲ್ಲ, ಆಗ ಡೋಸು ಎಷ್ಟು ಏರಿಸಿದರೂ ಟಿಎಸ್‌ಎಚ್ ಇಳಿಯುವುದಿಲ್ಲ. ಇಮ್ಯುನೊಥೆರಪಿ ನಿಂತ ಮೇಲೂ ಪರೀಕ್ಷೆ ನಿಲ್ಲಬಾರದು, ಏಕೆಂದರೆ ಪೆಂಬ್ರೋಲಿಜುಮ್ಯಾಬ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಮೂರು ವಾರ ಬೇಕು, ಟಿ-ಕೋಶಗಳ ಮೇಲಿನ ಅದರ ಹಿಡಿತ ಸಡಿಲವಾಗಲು ತಿಂಗಳುಗಳೇ ಹಿಡಿಯುತ್ತವೆ. ಕೊನೆಯ ಡೋಸಿನ ನಂತರದ ಆ ತಿಂಗಳುಗಳಲ್ಲಿ ರೋಗಿ ಕ್ಯಾನ್ಸರ್ ವಿಭಾಗಕ್ಕೆ ಬರುವುದು ಕಡಿಮೆಯಾಗಿ, ಊರಿನ ವೈದ್ಯರ ಬಳಿ 'ಮೈ ಭಾರ, ಚಳಿ ಜಾಸ್ತಿ' ಎಂದು ಹೋಗಿರುತ್ತಾರೆ. ಡಿಸ್ಚಾರ್ಜ್ ಹಾಳೆಯಲ್ಲಿ ಪಡೆದ ಔಷಧದ ಹೆಸರು, ಕೊನೆಯ ಡೋಸಿನ ತಾರೀಕು ಮತ್ತು ಟಿಎಸ್‌ಎಚ್ ಅಂಕಿಗಳು ಬರೆದಿದ್ದರೆ ಅಲ್ಲಿಯೇ, ಆ ಚಿಕ್ಕ ಕ್ಲಿನಿಕ್ಕಿನಲ್ಲೇ, ಕಾರಣ ಗೊತ್ತಾಗುತ್ತದೆ.